ಶುಶ್ರೂಷೆಯ ಕ್ರಮ

ಸಂಸ್ಕೃತದಲ್ಲಿ 'ಶುಶ್ರೂಷಾ' ಎಂಬ ಶಬ್ದಕ್ಕೆ ಕೇಳಬೇಕೆಂಬ ಇಚ್ಛೆಯೆಂಬುದೇ ಮೂಲಾರ್ಥವು. ಕೇಳುವುದೆಂಬರ್ಥದ 'ಶ್ರು' ಧಾತುವಿಗೆ ಇಚ್ಛಾರ್ಥದಲ್ಲಿ ಸನ್ ಪ್ರತ್ಯಯವು ಸೇರಿ ಈ ಶಬ್ದವು ಸಿದ್ಧಿಸುತ್ತದೆ. ಗುರುವಿನ ಮಾತನ್ನು ಕೇಳಬಯಸಿದ ಶಿಷ್ಯನು ಆತನ ಸೇವೆಯನ್ನೂ ಮಾಡುತ್ತಿದ್ದುದರಿಂದ ಸೇವೆಯೆಂಬ ಅರ್ಥವು ಬಂದು, ಕ್ರಮೇಣ ರೋಗಿಗಳ ಉಪಚಾರಕ್ಕೂ ಅದೇ ಹೆಸರು ನಿಂತಿತು. ವ್ಯಾಕರಣದ ಈ ಮಾತನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ರೋಗಿಯ ಬಳಿ ಕುಳಿತವರು ಮೊದಲು ಮಾಡತಕ್ಕದ್ದು ಕೇಳುವುದು ಮತ್ತು ನೋಡುವುದು. ಮದ್ದು ಕುಡಿಸುವುದು ಆಮೇಲಿನ ಕೆಲಸ.

ನಮ್ಮ ಮನೆಗಳಲ್ಲಿ ಈ ಕ್ರಮವು ತಲೆಕೆಳಗಾಗಿರುವುದನ್ನು ಎಲ್ಲರೂ ಬಲ್ಲರು. ಒಬ್ಬರು ಹಾಸಿಗೆ ಹಿಡಿದರೆಂದರೆ ನೆಂಟರಿಷ್ಟರು ಬಂದು ಆಳಿಗೊಂದು ಔಷಧ ಹೇಳುವರು. ವೈದ್ಯರು "ಜ್ವರ ಎಂದಿನಿಂದ? ನಿನ್ನೆ ಎಷ್ಟು ನೀರು ಕುಡಿದರು? ಮೂತ್ರ ಎಷ್ಟು ಸಲ ಆಯಿತು?" ಎಂದು ವಿಚಾರಿಸಿದರೆ ಮಾತ್ರ ಒಬ್ಬರ ಮುಖವನ್ನೊಬ್ಬರು ನೋಡುವರು. ಹಾಲಿನ ಲೆಕ್ಕ, ಅಗಸನ ಲೆಕ್ಕ, ದಿನಸಿಯ ಲೆಕ್ಕ, ಇವೆಲ್ಲಕ್ಕೂ ಮನೆಯಲ್ಲಿ ಪುಸ್ತಕವುಂಟು. ಮಲಗಿರುವ ತಾಯಿಯ ಉಸಿರಿಗೆ ಮಾತ್ರ ಲೆಕ್ಕವಿಲ್ಲ. ಈಗಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರನ್ನೂ ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುವುದು ವಾಡಿಕೆ. ಆದಕಾರಣ ಉಳಿದ ಶುಶ್ರೂಷೆಯ ಭಾರವು ಗೃಹಸ್ಥರ ಮೇಲೆಯೇ ಬೀಳುತ್ತದೆ. ಅದನ್ನು ಕ್ರಮವರಿತು ಹೊರುವುದು ಹೇಗೆಂಬುದೇ ಈ ತಿಂಗಳ ವಿಷಯವು.

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿರುವುದುಂಟು: ವೈದ್ಯ, ಔಷಧ, ಪರಿಚಾರಕ, ರೋಗಿ. ಇವುಗಳಲ್ಲಿ ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ರೋಗಿಯಲ್ಲಿ ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳಿರಬೇಕು. ಅನುರಾಗವು ನಮ್ಮ ಸಂಸಾರಗಳಲ್ಲಿ ಧಾರಾಳವಾಗಿಯೇ ಇದೆ. ಉಳಿದ ಮೂರನ್ನು ಕಲಿತೇ ಪಡೆಯಬೇಕು. ರೋಗಿಗೆ ಹೇಳಿದ ಗುಣಗಳಲ್ಲಿ ತನ್ನ ಬಾಧೆಯನ್ನು ತಿಳಿಯಹೇಳುವ ಶಕ್ತಿಯೂ ಒಂದು. ಆದರೆ ಹಸುಳೆಗೆ ಮಾತು ಬಾರದು. ಮರೆವು ಕವಿದ ವೃದ್ಧರಿಗೆ ಮಾತು ಒದಗದು. ನಾಚಿಕೆಯಿಂದ ಹರೆಯದವರು ಹೇಳಿಕೊಳ್ಳರು. ಅಂಥವರ ಪರವಾಗಿ ಪರಿಚಾರಕನ ಕಣ್ಣೇ ಮಾತನಾಡಬೇಕಾಗುತ್ತದೆ.

ಪಾಶ್ಚಾತ್ಯ ದೇಶಗಳಲ್ಲಿ ಈ ವಿದ್ಯೆಯನ್ನು ಶಾಸ್ತ್ರದ ಪದವಿಗೆ ತಂದವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಗ್ರಗಣ್ಯಳು. 1854ರಲ್ಲಿ ಕ್ರಿಮಿಯದ ಯುದ್ಧದ ಗಾಯಾಳುಗಳ ಸೇವೆಗೆ ತೆರಳಿದ ಈಕೆಯು 1859ರಲ್ಲಿ ಶುಶ್ರೂಷೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಪ್ರಕಟಿಸಿದಳು. ಮನೆಯಲ್ಲಿ ಇತರರ ಆರೋಗ್ಯವನ್ನು ನೋಡಿಕೊಳ್ಳುವ ಸಾಮಾನ್ಯ ಸ್ತ್ರೀಯರನ್ನು ಉದ್ದೇಶಿಸಿಯೇ ಅದನ್ನು ಬರೆದಿರುವಳು. ರೋಗಿಯನ್ನು ಗಮನವಿಟ್ಟು ನೋಡುವುದಕ್ಕೆಂದೇ ಅದರಲ್ಲೊಂದು ಅಧ್ಯಾಯವಿದೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವಳ ಹೆಸರಿನ ಶಿಕ್ಷಣಶಾಲೆಯು ಆರಂಭವಾಯಿತು. ನಮ್ಮ ದೇಶದಲ್ಲಿ ದಾದಿಯರ ಶಿಕ್ಷಣವನ್ನು ಒಂದೇ ಮಟ್ಟಕ್ಕೆ ತರುವುದಕ್ಕಾಗಿ 1947ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆಯಾಯಿತು.

ಇಂದು ದಾದಿಯರ ಶಾಲೆಗಳಲ್ಲಿ ಶುಶ್ರೂಷೆಯನ್ನು ಐದು ಮೆಟ್ಟಿಲುಗಳಾಗಿ ಕಲಿಸುತ್ತಾರೆ. ಮೊದಲು ರೋಗಿಯನ್ನು ನೋಡಿ, ಕೇಳಿ, ಅಳೆದು ಸ್ಥಿತಿಯನ್ನು ತಿಳಿಯುವುದು. ಎರಡನೆಯದು ತೊಡಕು ಯಾವುದೆಂದು ನಿಶ್ಚಯಿಸುವುದು. ಮೂರನೆಯದು ಗುರಿಯಿಟ್ಟು ಯೋಜಿಸುವುದು. ನಾಲ್ಕನೆಯದು ಯೋಜಿಸಿದಂತೆ ನಡೆಸುವುದು. ಐದನೆಯದು ಫಲವೇನಾಯಿತೆಂದು ತೂಗಿನೋಡಿ, ಬೇಕಾದರೆ ಯೋಜನೆಯನ್ನೇ ತಿದ್ದುವುದು. ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ರೋಗದ ಹೆಸರನ್ನು ವೈದ್ಯನು ಹೇಳುವನು. ರೋಗಿಯ ತೊಡಕನ್ನು ಪರಿಚಾರಕನು ಹೇಳಬೇಕು. "ನ್ಯುಮೋನಿಯ" ಎಂಬುದು ವೈದ್ಯನ ಮಾತು. "ಕಫವನ್ನು ಕೆಮ್ಮಿ ಉಗುಳಲಾರರು, ಎರಡು ದಿನದಿಂದ ಊಟ ಸೇರದು, ಮಲಗಿದರೆ ಉಸಿರು ಕಟ್ಟುವುದು" ಎಂಬುದು ಪರಿಚಾರಕನ ಮಾತು. ಎರಡೂ ಕೂಡಿದರೆ ಚಿಕಿತ್ಸೆಯು ಸಾಂಗವಾಗುತ್ತದೆ.

ಇನ್ನು ವಯೋಭೇದದಿಂದ ನೋಡತಕ್ಕ ಚಿಹ್ನೆಗಳನ್ನು ವಿವರಿಸುವೆನು.

ಶಿಶುವು ಹುಟ್ಟಿದೊಡನೆಯೇ ಅದರ ಪರೀಕ್ಷೆಯು ಆರಂಭವಾಗುತ್ತದೆ. ಅಮೆರಿಕದ ವೈದ್ಯೆ ವರ್ಜೀನಿಯ ಆಪ್ಗಾರ್ 1952ರಲ್ಲಿ ಇದಕ್ಕೊಂದು ಸುಲಭವಾದ ಕ್ರಮವನ್ನು ಹಾಕಿಕೊಟ್ಟಳು. ಮೈಬಣ್ಣ, ಹೃದಯದ ಬಡಿತ, ಕೆಣಕಿದರೆ ತೋರುವ ಪ್ರತಿಕ್ರಿಯೆ, ಮಾಂಸಖಂಡಗಳ ಬಿಗಿ, ಉಸಿರಾಟ, ಈ ಐದಕ್ಕೆ ತಲಾ 0ಯಿಂದ 2ರವರೆಗೆ ಅಂಕಗಳು. ಹುಟ್ಟಿದ 1 ನಿಮಿಷಕ್ಕೂ 5 ನಿಮಿಷಕ್ಕೂ ಎಣಿಸುವರು. ಅದು ಹೆರಿಗೆಯ ಕೋಣೆಯವರ ಕೆಲಸ. ಮನೆಗೆ ಬಂದ ಮೇಲೆ ನಾವು ಎಣಿಸತಕ್ಕದ್ದು ಉಸಿರನ್ನು. ಮಗುವು ಅಳದೆ ಶಾಂತವಾಗಿರುವಾಗ, ಸೆಕೆಂಡಿನ ಮುಳ್ಳಿರುವ ಗಡಿಯಾರವನ್ನು ಹಿಡಿದು ಪೂರ್ಣ 1 ನಿಮಿಷ ಎಣಿಸಬೇಕು. 2 ತಿಂಗಳೊಳಗಿನ ಮಗುವಿಗೆ 60 ಅಥವಾ ಅದಕ್ಕೆ ಮೇಲೆ, 2 ತಿಂಗಳಿಂದ 1 ವರ್ಷದವರೆಗೆ 50 ಅಥವಾ ಮೇಲೆ, 1ರಿಂದ 5 ವರ್ಷದವರೆಗೆ 40 ಅಥವಾ ಮೇಲೆ ಇದ್ದರೆ ಅದು ವೇಗದ ಉಸಿರು. ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಉಸಿರೆಳೆದಾಗ ಎದೆಯ ಕೆಳಭಾಗವು ಒಳಕ್ಕೆ ಸೇದಿಕೊಂಡರೆ, ಹಾಲು ಕುಡಿಯುವುದನ್ನು ಬಿಟ್ಟರೆ, ಸೆಳವು ಬಂದರೆ, ಮೈ ತಣ್ಣಗಾದರೆ ಇನ್ನೂ ಅವಸರ. ಹುಟ್ಟಿದ ಮೊದಲ ದಿನಗಳಲ್ಲಿ ಶಿಶುವಿನ ತೂಕವು ತುಸು ಇಳಿಯುವುದು ಸಹಜ. ಎರಡು ವಾರಗಳೊಳಗೆ ಅದು ಮರಳಿ ಬರಬೇಕು. ಸುಮಾರು 5 ತಿಂಗಳಿಗೆ ಎರಡರಷ್ಟು, 1 ವರ್ಷಕ್ಕೆ ಮೂರರಷ್ಟು ಆಗುವುದು ಸಾಮಾನ್ಯ ನಿಯಮ.

ಬೆಳೆಯುವ ಮಗುವಿಗೆ ತೂಕದ ಪಟ್ಟಿಯೇ ಕನ್ನಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಅಂದಿನಿಂದ ಅಂಗನವಾಡಿಗಳಲ್ಲಿ ಮಕ್ಕಳ ತೂಕವನ್ನು ಬರೆದಿಡುತ್ತ ಬಂದಿದ್ದಾರೆ. ಒಂದು ತಿಂಗಳ ತೂಕವು ಏನನ್ನೂ ಹೇಳದು. ಮೂರು ತಿಂಗಳ ಗೆರೆಯು ಮಟ್ಟಸವಾಗಿ ಮಲಗಿದ್ದರೆ ಅದು ಕೂಗಿ ಹೇಳುವ ಮಾತು. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ನಡುವಿನ ಸುತ್ತಳತೆಯು 11.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆಯೆಂದು ತಿಳಿಯತಕ್ಕದ್ದು. ಭೇದಿಯಾದ ಮಗುವಿನ ಕಣ್ಣು ಗುಳಿಬಿದ್ದಿದೆಯೇ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ನಿಧಾನವಾಗಿ ಕೆಳಗಿಳಿಯುವುದೇ ಎಂದು ನೋಡಬೇಕು.

ಹರೆಯದ ಮಕ್ಕಳಲ್ಲಿ ಅಳೆಯುವುದಕ್ಕಿಂತ ಕೇಳುವುದೇ ಮುಖ್ಯವು. ನಿದ್ರೆ ಕೆಟ್ಟಿದೆಯೇ, ಊಟ ಬಿಟ್ಟರೇ, ಗೆಳೆಯರಿಂದ ದೂರವಾದರೇ ಎಂಬುದನ್ನು ಹತ್ತು ಜನರ ಎದುರಿನಲ್ಲಿ ವಿಚಾರಿಸಬಾರದು. ಏಕಾಂತದಲ್ಲಿ, ಗದರಿಸದೆ ಕೇಳಬೇಕು. ಸಾಯುವ ಯೋಚನೆಯೇನಾದರೂ ಬಂದಿದೆಯೇ ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆಯು ಹುಟ್ಟುವುದೆಂಬ ಭಯವು ನಿರಾಧಾರವಾದುದು. ಸರಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಯನ್ನು ಮನೆಯವರೆಲ್ಲ ತಿಳಿದಿರುವುದು ಒಳ್ಳೆಯದು. ಹುಡುಗಿಯರ ಕಣ್ಣಿನ ಕೆಳರೆಪ್ಪೆಯ ಒಳಭಾಗವು ಬಿಳಿಚಿದ್ದರೆ ರಕ್ತಹೀನತೆಯ ಪರೀಕ್ಷೆಯನ್ನು ಮಾಡಿಸತಕ್ಕದ್ದು.

ಪ್ರಾಯದವರ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100, ಉಸಿರು 12ರಿಂದ 20 ಇರುವುದು ಸಹಜ. ರಕ್ತದ ಒತ್ತಡವನ್ನು 5 ನಿಮಿಷ ಸುಮ್ಮನೆ ಕುಳಿತ ಮೇಲೆಯೇ ಅಳೆಯಬೇಕು. ಬೇರೆ ಬೇರೆ ದಿನಗಳಲ್ಲಿ ವೈದ್ಯರ ಬಳಿ 140/90 ಅಥವಾ ಅದಕ್ಕೆ ಮೇಲೆ ಕಂಡರೆ ಅದು ಅಧಿಕ ಒತ್ತಡ. ಗರ್ಭಿಣಿಗೆ ತೀವ್ರವಾದ ತಲೆನೋವು, ಕಣ್ಣು ಮಂಜಾಗುವುದು, ಮುಖದ ಊತ, ರಕ್ತಸ್ರಾವ, ಕೂಸಿನ ಚಲನೆ ಕಡಿಮೆಯಾಗುವುದು, ಇವುಗಳಲ್ಲಿ ಒಂದೇ ತೋರಿದರೂ ಬೆಳಗಾಗಲೆಂದು ಕಾಯಲಾಗದು. ಒಬ್ಬರ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಪಾರ್ಶ್ವವಾಯುವೆಂದು ಶಂಕಿಸಿ 108ಕ್ಕೆ ಕರೆಮಾಡಬೇಕು. ಅವರು ಕಡೆಯದಾಗಿ ಚೆನ್ನಾಗಿದ್ದುದು ಎಷ್ಟು ಗಂಟೆಗೆ ಎಂಬುದನ್ನು ಆಗಲೇ ಬರೆದುಕೊಳ್ಳಬೇಕು. ಏಕೆಂದರೆ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡುವರು. ಆ ಒಂದು ಸಾಲಿನ ಬರಹದಿಂದ ಒಂದು ಕೈಯೂ ಒಂದು ನಾಲಗೆಯೂ ಉಳಿಯಬಹುದು.

ವೃದ್ಧರಲ್ಲಿ ಚಿಹ್ನೆಗಳು ವೇಷ ಮರೆಸಿಕೊಂಡು ಬರುವುವು. ಸೋಂಕು ತಗುಲಿದರೂ ಜ್ವರ ಬಾರದಿರಬಹುದು. ನಿನ್ನೆಯವರೆಗೆ ಸರಿಯಾಗಿದ್ದವರು ಇಂದು ಹಠಾತ್ತಾಗಿ ಅಸಂಬದ್ಧವಾಗಿ ಮಾತನಾಡುವುದೇ ಮೊದಲ ಕುರುಹಾಗಬಹುದು. ಅದನ್ನು "ವಯಸ್ಸಾಯಿತು, ಅರಳುಮರಳು" ಎಂದು ತಳ್ಳಿಹಾಕುವುದು ಅಪಾಯಕರವು. ಹಾಸಿಗೆ ಬಿಟ್ಟೇಳಲಾರದವರನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬೆನ್ನಿನ ಕೆಳಗೆ, ಸೊಂಟದ ಪಕ್ಕ, ಹಿಮ್ಮಡಿ, ಮೊಣಕೈಗಳನ್ನು ದಿನವೂ ನೋಡಿ, ಬೆರಳಿನಿಂದ ಒತ್ತಿದರೂ ಮಾಯವಾಗದ ಕೆಂಪು ಇದ್ದರೆ ಹಾಸಿಗೆಹುಣ್ಣಿನ ಆರಂಭವೆಂದು ತಿಳಿದು ಆ ಭಾಗಕ್ಕೆ ಭಾರ ಬೀಳದಂತೆ ಮಾಡಬೇಕು. ಅದನ್ನು ತಿಕ್ಕಲಾಗದು.

ಈಗ ಯೋಜನೆಯ ಮಾತು. ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. 76 ವಯಸ್ಸಿನ ಅಜ್ಜಿಯು ಬಚ್ಚಲಿನಲ್ಲಿ ಜಾರಿ ತೊಡೆಯ ಮೂಳೆ ಮುರಿದು, ಶಸ್ತ್ರಚಿಕಿತ್ಸೆಯಾಗಿ ಮನೆಗೆ ಬಂದಿದ್ದಾರೆ. ನಾಲ್ಕು ದಿನದಿಂದ ನೀರು ಕುಡಿಯುತ್ತಿಲ್ಲ. ಮೂತ್ರವು ಕಡಿಮೆಯಾಗಿ ಬಣ್ಣ ಗಾಢವಾಗಿದೆ. ಮಗನು "ಅಮ್ಮನದು ಹಟ" ಎನ್ನುವನು. ನೆರೆಮನೆಯವರು ಎಳನೀರು ಕುಡಿಸಿರೆನ್ನುವರು. ಸೊಸೆಯು ಹತ್ತಿರ ಕುಳಿತು "ಅತ್ತೆ, ನೀರು ಏಕೆ ಬೇಡವೆನ್ನುತ್ತೀರಿ?" ಎಂದು ಕೇಳಿದಾಗ ಅಜ್ಜಿಯು, "ರಾತ್ರಿ ನಿನ್ನನ್ನು ಎಬ್ಬಿಸಬೇಕಾಗುತ್ತಲ್ಲಮ್ಮ, ಹಗಲೆಲ್ಲ ದುಡಿದಿರುತ್ತೀಯೆ" ಎನ್ನುವರು. ತೊಡಕು ದೇಹದಲ್ಲಿರಲಿಲ್ಲ, ಸಂಕೋಚದಲ್ಲಿತ್ತು. ಎಳನೀರು ಆ ಸಂಕೋಚವನ್ನು ಹೋಗಲಾಡಿಸುವುದೆಂತು?

ಈ ಸಂಗತಿಯನ್ನು ಪುಸ್ತಕದಲ್ಲಿ ನಾಲ್ಕು ಅಂಕಣಗಳಾಗಿ ಬರೆಯಬೇಕು. ತೊಡಕು: ರಾತ್ರಿ ಏಳುವ ಭಯದಿಂದ ನೀರು ಕುಡಿಯುತ್ತಿಲ್ಲ. ಗುರಿ: ವೈದ್ಯರು ಹೇಳಿದಷ್ಟು ನೀರು ದಿನವೂ ಹೋಗಬೇಕು, ಮೂತ್ರದ ಬಣ್ಣ ತಿಳಿಯಾಗಬೇಕು. ಕೆಲಸ: ನೀರಿನ ಹೆಚ್ಚಿನ ಪಾಲನ್ನು ಸಂಜೆಯೊಳಗೆ ಕೊಡುವುದು, ಮಂಚದ ಬಳಿ ಶೌಚದ ಕುರ್ಚಿ, ಕೈಗೆ ಸಿಗುವಂತೆ ಒಂದು ಗಂಟೆ, ರಾತ್ರಿಯೆಲ್ಲ ಸಣ್ಣ ದೀಪ, ಏಳುವಾಗ ಹಿಡಿದುಕೊಳ್ಳುವ ರಾತ್ರಿಯ ಸರದಿ ಮಗನದು. ಫಲ: ಮೂರು ದಿನದ ಮೇಲೆ ನೋಡಿ ಬರೆಯುವುದು. ಗುರಿ ಮುಟ್ಟದಿದ್ದರೆ ರೋಗಿಯನ್ನು ಬೈಯಲಾಗದು; ಯೋಜನೆಯನ್ನು ತಿದ್ದಬೇಕು.

ಮೂರನೆಯ ಅಂಕಣದಲ್ಲಿ ಕೆಲಸದ ಮುಂದೆ ಹೆಸರನ್ನು ಬರೆಯುವುದನ್ನು ಮರೆಯಬಾರದೆಂದು ಗೃಹಸ್ಥರಲ್ಲಿ ವಿಶೇಷವಾಗಿ ವಿಜ್ಞಾಪಿಸುವೆನು. ಹೆಸರಿಲ್ಲದ ಕೆಲಸಗಳೆಲ್ಲ ಮನೆಯ ಒಬ್ಬ ಹೆಂಗಸಿನ ಪಾಲಿಗೆ ಬಂದು ಸೇರುವುವು. ಆರು ತಿಂಗಳು ರಾತ್ರಿ ನಿದ್ರೆಗೆಟ್ಟು ಶುಶ್ರೂಷೆ ಮಾಡಿದವಳು ತಾನೇ ರೋಗಿಯಾಗುವಳು. ಆಗ ಮನೆಗೆ ಇಬ್ಬರು ರೋಗಿಗಳು. ಚರಕನು ಹೇಳಿದ ಪರಿಚಾರಕನ ಗುಣಗಳು ಸ್ತ್ರೀಯರಿಗೆ ಮೀಸಲಾದುವಲ್ಲ. ತಂದೆಗೆ ಮೈಯೊರಸುವುದೂ ತಾಯಿಗೆ ಶೌಚದ ಪಾತ್ರೆಯನ್ನಿಡುವುದೂ ಗಂಡುಮಕ್ಕಳ ಗೌರವಕ್ಕೆ ಕುಂದಲ್ಲ. ವಾರಕ್ಕೆ ಒಂದು ಮಧ್ಯಾಹ್ನವಾದರೂ ಪರಿಚಾರಿಕೆಗೆ ಬಿಡುವೆಂದು ಅದೇ ಪುಸ್ತಕದಲ್ಲಿ ಬರೆಯಬೇಕು.

ಗುಣವಾಗದ ರೋಗವೆಂದು ವೈದ್ಯರು ಹೇಳಿದ ಮೇಲೂ ಪುಸ್ತಕವನ್ನು ಮುಚ್ಚಬಾರದು. ಗುರಿಯು ಮಾತ್ರ ಬದಲಾಗುತ್ತದೆ. ನೋವು ಎಷ್ಟಿದೆ, ನೋವಿನ ಮದ್ದು ಹೊತ್ತಿಗೆ ಸರಿಯಾಗಿ ಹೋಯಿತೇ, ಒಣಗಿದ ಬಾಯಿಯನ್ನು ತೇವಮಾಡಿದರೇ, ಯಾರನ್ನು ನೋಡಬೇಕೆಂದು ಕೇಳಿದರು, ಮನೆಯಲ್ಲಿರಬಯಸುವರೋ ಆಸ್ಪತ್ರೆಗೆ ಹೋಗಬಯಸುವರೋ, ಇವೇ ಆಗಿನ ಬರಹಗಳು. ಕಡೆಯ ಪ್ರಶ್ನೆಯನ್ನು ಮಕ್ಕಳು ತಮ್ಮತಮ್ಮಲ್ಲೇ ಚರ್ಚಿಸಿ ತೀರ್ಮಾನಿಸುವುದುಂಟು; ಮಲಗಿರುವವರನ್ನು ಕೇಳುವುದಿಲ್ಲ. ಅವರಿಗೆ ಅರಿವು ಇರುವಾಗಲೇ ಕೇಳಿ, ಅವರ ಮಾತಿನಲ್ಲೇ ಬರೆದಿಡುವುದು ಮಕ್ಕಳ ಧರ್ಮವು.

ಇದಕ್ಕೆಲ್ಲ ಬೇಕಾದ ಸಾಮಗ್ರಿಯು ಅಲ್ಪವೇ: ನೂರು ಪುಟದ ಒಂದು ನೋಟುಪುಸ್ತಕ, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ಸಿಲು, ಸೆಕೆಂಡಿನ ಮುಳ್ಳಿರುವ ಗಡಿಯಾರ, ಒಂದು ಥರ್ಮಾಮೀಟರು, ಅನುಕೂಲವಿದ್ದವರಿಗೆ ರಕ್ತದ ಒತ್ತಡವನ್ನು ಅಳೆಯುವ ಯಂತ್ರ. ಮೊದಲ ಪುಟದಲ್ಲಿ ಮನೆಯ ಪ್ರತಿಯೊಬ್ಬರ ವಯಸ್ಸು, ಹಳೆಯ ರೋಗಗಳು, ತೆಗೆದುಕೊಳ್ಳುತ್ತಿರುವ ಮಾತ್ರೆಗಳು, ಒಗ್ಗದ ಔಷಧಗಳು, ಇಷ್ಟನ್ನು ಎಲ್ಲರೂ ಆರೋಗ್ಯವಾಗಿರುವಾಗಲೇ ಬರೆದಿಡಿರಿ. ಜ್ವರ ಬಂದ ರಾತ್ರಿಯಲ್ಲಿ ಹುಡುಕಿ ಬರೆಯಲು ಯಾರಿಗೂ ಕೈ ಬಾರದು. ಬರುವ ಸಂಚಿಕೆಯಲ್ಲಿ ಜ್ವರಪೀಡಿತರ ಪಥ್ಯವನ್ನು ಕುರಿತು ವಿಚಾರಿಸೋಣ.