ನಂಬಿಕೆ ನನ್ನ ಮೇಲಲ್ಲ, ನನ್ನನ್ನು ಬಲ್ಲವನ ಮೇಲೆ

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ತುಮಕೂರು ಜಿಲ್ಲೆ ಪಟ್ಟಿಯಲ್ಲಿ ಎರಡು ಕಡೆ ಕಾಣುತ್ತದೆ. ಒಂದು ತುಮಕೂರು, ಇನ್ನೊಂದು ಮಧುಗಿರಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಈ ಸಲ ನಮ್ಮದು ಎಷ್ಟನೇ ಸ್ಥಾನ, ಮೇಲೆ ಹೋದೆವೋ ಕೆಳಗಿಳಿದೆವೋ ಎಂಬ ಚರ್ಚೆ ಟೀ ಅಂಗಡಿಯಿಂದ ಶಾಲೆಯ ಅಂಗಳದವರೆಗೂ ನಡೆಯುತ್ತದೆ. ಹದಿನಾರನೇ ವಯಸ್ಸಿಗೆ ಶುರುವಾದ ಈ ಪಟ್ಟಿ ಆಮೇಲೆ ನಮ್ಮ ಬೆನ್ನು ಬಿಡುವುದಿಲ್ಲ. ಪಿಯುಸಿ ಅಂಕ, ಸಿಇಟಿ ರ‍್ಯಾಂಕ್, ಕಟ್‌ಆಫ್, ತಾತ್ಕಾಲಿಕ ಆಯ್ಕೆ ಪಟ್ಟಿ, ಅಂತಿಮ ಆಯ್ಕೆ ಪಟ್ಟಿ. ಹೆಸರು ಇದ್ದರೆ ನಾನು ಯಾರೋ ಒಬ್ಬ. ಇಲ್ಲದಿದ್ದರೆ ಯಾರೂ ಅಲ್ಲ. ಹೀಗೆ ನಮ್ಮನ್ನು ನಾವೇ ಅಳೆಯುವುದು ಅಭ್ಯಾಸವಾಗಿಬಿಡುತ್ತದೆ.

ಇದಕ್ಕೆ ಔಷಧಿ ಎಂದು ನಮಗೆ ಎಲ್ಲೆಡೆ ಸಿಗುವುದು ಒಂದೇ ಮಾತು: ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ನಿಮ್ಮನ್ನು ನೀವು ನಂಬಿ. ಕಾಲೇಜಿನ ಸಮಾರಂಭದಲ್ಲಿ ಅತಿಥಿಗಳು ಹೇಳುತ್ತಾರೆ, ಕೋಚಿಂಗ್ ಸೆಂಟರಿನ ಗೋಡೆ ಹೇಳುತ್ತದೆ, ಮೊಬೈಲಿನ ರೀಲ್ಸ್ ದಿನವೂ ಹೇಳುತ್ತವೆ. ಈ ಮಾತಿನಲ್ಲಿ ಹುರುಳಿಲ್ಲ ಎಂದಲ್ಲ. ಪಾವಗಡದ ಹಳ್ಳಿಯಿಂದ ಬಂದು ಬೆಂಗಳೂರಿನ ಕಂಪನಿಯೊಂದರ ಸಂದರ್ಶನಕ್ಕೆ ಕೂತವನಿಗೆ ಇಂಗ್ಲಿಷ್ ಬಾರದೆ ನಾಲಿಗೆ ಒಣಗಿದಾಗ ಬೆನ್ನು ತಟ್ಟುವವರು ಬೇಕು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ನಾನು ಸೋತಿದ್ದೇನೆ, ನನ್ನ ಶಕ್ತಿ ಇಷ್ಟೇ ಎಂದು ಗೊತ್ತಾಗಿದೆ. ಆಗಲೂ ನಾನು ನನ್ನನ್ನೇ ನಂಬಬೇಕೆಂದರೆ ಹೇಗೆ? ಕುಸಿದು ಬಿದ್ದವನಿಗೆ ನಿನ್ನನ್ನು ನೀನೇ ಹಿಡಿದುಕೊಂಡು ಏಳು ಎಂದರೆ ಅವನು ಏನನ್ನು ಹಿಡಿಯಬೇಕು?

ಸಾಮರ್ಥ್ಯ ಇದ್ದವರಿಗೂ ಈ ಪ್ರಶ್ನೆ ತಪ್ಪಿಲ್ಲ. 2021ರ ಅಕ್ಟೋಬರಿನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಲಿಖಿತ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಅದೇ ವರ್ಷ ಆಗಸ್ಟ್ 27ರಂದು ನಡೆದ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದದ ತಪ್ಪುಗಳು ಕನ್ನಡದಲ್ಲೇ ಓದಿ ಬಂದವರನ್ನು ಕಂಗೆಡಿಸಿದವು. ಡಿಸೆಂಬರ್ 29ರಂದು ಮತ್ತೆ ಬರೆಯಬೇಕಾಯಿತು. ಇವರಲ್ಲಿ ಹಗಲು ರಾತ್ರಿ ಓದಿದವರು ಎಷ್ಟೋ ಜನ. ಆತ್ಮವಿಶ್ವಾಸಕ್ಕೂ ಕೊರತೆ ಇರಲಿಲ್ಲ. ಆದರೂ ಕಳೆದುಹೋದ ವರ್ಷಗಳನ್ನು, ದಾಟಿದ ವಯೋಮಿತಿಯನ್ನು ಆತ್ಮವಿಶ್ವಾಸ ಹಿಂದಕ್ಕೆ ತಂದುಕೊಡಲಿಲ್ಲ. ಅನ್ಯಾಯವನ್ನು ಪ್ರಶ್ನಿಸಲೇಬೇಕು, ಅದು ಬೇರೆ ಮಾತು. ನಮ್ಮ ಕೈಯಲ್ಲಿಲ್ಲದ್ದು ಬದುಕಿನಲ್ಲಿ ಬಹಳ ಇದೆ ಎಂಬುದು ಇಲ್ಲಿ ಕಾಣುವ ಸತ್ಯ.

ಕ್ರೈಸ್ತ ನಂಬಿಕೆಯಲ್ಲಿ ಬೆಳೆದವನಾಗಿ ನನಗೆ ಇಲ್ಲಿ ಹೇಳಬೇಕಾದದ್ದು ಒಂದಿದೆ. ಕನ್ನಡದಲ್ಲಿ ನಾವು ಭರವಸೆ ‘ಇಡುತ್ತೇವೆ’. ಇಡುವುದು ಎಂದರೆ ಅದು ಯಾವುದರ ಮೇಲೋ ಕೂರಬೇಕು. ಭರವಸೆ ಎಷ್ಟಿದೆ ಎನ್ನುವುದಕ್ಕಿಂತ ಅದನ್ನು ಎಲ್ಲಿ ಇಟ್ಟಿದ್ದೇವೆ ಎನ್ನುವುದು ದೊಡ್ಡದು. ಆತ್ಮವಿಶ್ವಾಸ ಎಂಬ ಪದದಲ್ಲಿ ‘ಆತ್ಮ’ ಎಂದರೆ ತಾನು. ಆದರೆ ಚರ್ಚಿನ ಕನ್ನಡದಲ್ಲಿ ಆತ್ಮ ಎಂದರೆ ಪವಿತ್ರಾತ್ಮವೂ ಹೌದು, ವಿಶ್ವಾಸ ಎಂದರೆ ದೇವರ ಮೇಲಿನ ನಂಬಿಕೆ. ಪದ ಅದೇ, ಇಟ್ಟ ಜಾಗ ಬೇರೆ.

ಮಾತು ಬಾರದ ಮೋಶೆ, ಮಾತು ತಪ್ಪಿದ ಪೇತ್ರ

ಬೈಬಲಿನಲ್ಲಿ ದೇವರು ಮೋಶೆಯನ್ನು ಐಗುಪ್ತದ ಅರಸನ ಮುಂದೆ ಹೋಗಲು ಕರೆದಾಗ ಅವನು ಕೇಳಿದ್ದು, ಅಲ್ಲಿಗೆ ಹೋಗಲು ನಾನು ಎಷ್ಟರವನು ಎಂದು. ಇಂದಿನ ತರಬೇತುದಾರರಾಗಿದ್ದರೆ ನಿನ್ನಲ್ಲಿ ಅಪಾರ ಶಕ್ತಿ ಇದೆ, ನೀನೇ ಅದನ್ನು ಕಂಡುಕೊಂಡಿಲ್ಲ ಎನ್ನುತ್ತಿದ್ದರು. ದೇವರ ಉತ್ತರದಲ್ಲಿ ಮೋಶೆಯ ಗುಣಗಾನ ಒಂದಿಷ್ಟೂ ಇಲ್ಲ. ನಾನು ನಿನ್ನ ಜೊತೆಗಿರುತ್ತೇನೆ ಎಂಬುದಷ್ಟೇ ಆ ಉತ್ತರದ ಸಾರ. ತನಗೆ ಸರಾಗವಾಗಿ ಮಾತನಾಡಲು ಬರುವುದಿಲ್ಲ ಎಂದು ಮೋಶೆ ಮತ್ತೂ ಹಿಂದೆ ಸರಿದಾಗ, ಅವನ ಅಣ್ಣ ಆರೋನನನ್ನು ಜೊತೆಗೆ ಕಳಿಸಲಾಯಿತು. ಸ್ಪೋಕನ್ ಇಂಗ್ಲಿಷ್ ಪುಸ್ತಕ ಹಿಡಿದು ಬಸ್ಸಿನಲ್ಲಿ ತುಟಿ ಅಲ್ಲಾಡಿಸುತ್ತಾ ಹೋಗುವ ನಮ್ಮವರಿಗೆ ಈ ಕಥೆ ದೂರದ್ದಲ್ಲ. ಮೋಶೆಯ ಕೊರತೆಯನ್ನು ಯಾರೂ ಇಲ್ಲವೆನ್ನಲಿಲ್ಲ. ಆದರೆ ಅವನ ಬದುಕಿನ ಕೊನೆಯ ಮಾತು ಆ ಕೊರತೆಯದ್ದಾಗಲಿಲ್ಲ.

ಪೇತ್ರನದು ಇದಕ್ಕೆ ತಿರುಗಾಮುರುಗಾ. ಅವನಿಗೆ ಆತ್ಮವಿಶ್ವಾಸ ಧಾರಾಳವಾಗಿತ್ತು. ಎಲ್ಲರೂ ಬಿಟ್ಟು ಓಡಿದರೂ ನಾನು ಮಾತ್ರ ಬಿಡುವವನಲ್ಲ ಎಂದು ಯೇಸುವಿನ ಮುಂದೆ ಎದೆ ತಟ್ಟಿಕೊಂಡವನು. ಅದೇ ರಾತ್ರಿ ಅಂಗಳದಲ್ಲಿ ಬೆಂಕಿ ಕಾಯಿಸಿಕೊಳ್ಳುತ್ತಿದ್ದಾಗ ಕೆಲಸದ ಹುಡುಗಿಯೊಬ್ಬಳು ನೀನೂ ಅವನ ಕಡೆಯವನಲ್ಲವೇ ಎಂದದ್ದೇ ತಡ, ಅವನು ಯಾರೋ ನನಗೆ ಗೊತ್ತಿಲ್ಲ ಎಂದುಬಿಟ್ಟ. ಒಮ್ಮೆಯಲ್ಲ, ಮೂರು ಸಲ. ಆದರೆ ಪೇತ್ರ ಸೋಲುತ್ತಾನೆಂದು ಯೇಸುವಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೇ ಅವನಿಗಾಗಿ ಪ್ರಾರ್ಥಿಸಿದ್ದ, ಆಮೇಲೆ ಅವನನ್ನು ಹುಡುಕಿ ಮತ್ತೆ ಕೆಲಸ ಒಪ್ಪಿಸಿದ. ಕೆಲವೇ ವಾರಗಳ ನಂತರ ಅದೇ ಪೇತ್ರ ಯೆರೂಸಲೇಮಿನ ಹಿರಿಯರ ಸಭೆಯ ಮುಂದೆ ಹೆದರದೆ ನಿಂತ. ಓದು ಬಾರದ ಸಾಮಾನ್ಯ ಜನರಿಗೆ ಈ ಧೈರ್ಯ ಎಲ್ಲಿಂದ ಬಂತೆಂದು ಸಭೆಯವರು ಬೆರಗಾದರಂತೆ. ಮೊದಲಿನ ಧೈರ್ಯ ಪೇತ್ರನ ಸ್ವಂತದ್ದು, ಒಂದು ರಾತ್ರಿಯೂ ಬಾಳಲಿಲ್ಲ. ಎರಡನೆಯದು, ತನ್ನ ಸೋಲನ್ನು ಬಲ್ಲವನು ತನ್ನ ಕೈ ಬಿಡಲಿಲ್ಲ ಎಂಬ ತಿಳಿವಿನಿಂದ ಬಂದದ್ದು.

ಗುಬ್ಬಿಗೆ ಬಂದ ಇಪ್ಪತ್ತರ ಯುವಕ

ಪೇತ್ರನಲ್ಲಾದ ಈ ಬದಲಾವಣೆಯ ಬಗ್ಗೆಯೇ ಒಂದು ಪುಸ್ತಕ ಬರೆದವರಿಗೆ ನಮ್ಮ ಜಿಲ್ಲೆಯ ನಂಟಿದೆ. ಶಿರಾದ ನೆರೆಯ ತಾಲ್ಲೂಕು ಗುಬ್ಬಿ ಎಂದರೆ ನಮಗೆ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. ಆ ಕಂಪನಿ ಹುಟ್ಟುವುದಕ್ಕೂ ಬಹಳ ಮೊದಲೇ, 1839ರಲ್ಲಿ, ಐರ್ಲೆಂಡಿನ ವಿಲಿಯಂ ಆರ್ಥರ್ ವೆಸ್ಲಿಯನ್ ಮಿಷನ್ ಕಡೆಯಿಂದ ಗುಬ್ಬಿಗೆ ಹೊರಟುಬಂದರು. ವಯಸ್ಸು ಇಪ್ಪತ್ತು, ಇಂದಿನ ಡಿಗ್ರಿ ವಿದ್ಯಾರ್ಥಿಯ ವಯಸ್ಸು. ಕನ್ನಡ ಕಲಿತರು, ಕೆಲಸ ಶುರು ಮಾಡಿದರು. ಆದರೆ ಆರೋಗ್ಯ ಕೆಟ್ಟು 1841ರಲ್ಲೇ ಹಿಂತಿರುಗಬೇಕಾಯಿತು. ಜೀವಮಾನದ ಕೆಲಸವೆಂದು ಹೊರಟವರಿಗೆ ಸಿಕ್ಕಿದ್ದು ಎರಡು ವರ್ಷ ಕೂಡ ಸರಿಯಾಗಿ ಇಲ್ಲ. ಇಂದಿನ ರೆಸ್ಯುಮೆಯ ಲೆಕ್ಕದಲ್ಲಿ ಇದನ್ನು ಎಲ್ಲಿ ಅಡಗಿಸುವುದು ಎಂದು ಯೋಚಿಸಬೇಕಾದ ಸಾಲು.

ಅವರು ಅಡಗಿಸಲಿಲ್ಲ. ಮೈಸೂರು ಸೀಮೆಯ ಆ ಅನುಭವವನ್ನೇ 1847ರಲ್ಲಿ ಪುಸ್ತಕವಾಗಿ ಬರೆದರು. 1856ರಲ್ಲಿ ‘ದಿ ಟಂಗ್ ಆಫ್ ಫೈರ್’, ಅಂದರೆ ‘ಬೆಂಕಿಯ ನಾಲಿಗೆ’ ಎಂಬ ಇನ್ನೊಂದು ಪುಸ್ತಕ ಬಂತು. ಹೆದರಿ ಬಾಗಿಲು ಹಾಕಿಕೊಂಡಿದ್ದ ಶಿಷ್ಯರು ಬೀದಿಗೆ ಬಂದು ಮಾತನಾಡುವಂತಾದದ್ದು ಅವರೊಳಗೆ ಮೊದಲೇ ಇದ್ದ ಬಲದಿಂದಲ್ಲ, ಅವರಿಗೆ ಕೊಡಲ್ಪಟ್ಟ ಪವಿತ್ರಾತ್ಮನ ಬಲದಿಂದ ಎಂಬುದು ಅದರ ತಿರುಳು. ಆರ್ಥರ್ 1866ರಲ್ಲಿ ವೆಸ್ಲಿಯನ್ ಸಭೆಯ ಅಧ್ಯಕ್ಷರೂ ಆದರು. ಕೊನೆಗೆ ಪದವಿ ಸಿಕ್ಕಿತಲ್ಲ ಎಂದು ಸಮಾಧಾನ ಪಡುವುದಕ್ಕೆ ಇದನ್ನು ಹೇಳುತ್ತಿಲ್ಲ. ಅರ್ಧಕ್ಕೆ ನಿಂತ ಕೆಲಸ ಮನುಷ್ಯನನ್ನೂ ಅರ್ಧ ಮಾಡಬೇಕಿಲ್ಲ ಎನ್ನುವುದಕ್ಕೆ ಹೇಳುತ್ತಿದ್ದೇನೆ.

ನಮ್ಮವರೇ ಆದ ಉತ್ತಂಗಿ ಚನ್ನಪ್ಪನವರನ್ನೂ ನೆನೆಯಬೇಕು. ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ಅವರು ಕ್ರೈಸ್ತ ಪಾದ್ರಿ. ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಅಷ್ಟು ದೊಡ್ಡ ವಿದ್ವಾಂಸರನ್ನು ಕನ್ನಡ ನಾಡು ಕರೆದದ್ದು ‘ತಿರುಳ್ಗನ್ನಡದ ತಿರುಕ’ ಎಂದು. ತಿರುಕ ಎನಿಸಿಕೊಳ್ಳುವುದಕ್ಕೆ ಹಿಂಜರಿಯದವನಿಗೆ ಕಳೆದುಕೊಳ್ಳುವ ಭಯವೂ ಕಡಿಮೆ. ತನ್ನನ್ನು ಎಲ್ಲರಿಗಿಂತ ಕಿರಿಯನೆಂದು ಕಂಡ ಬಸವಣ್ಣ ಅರಸೊತ್ತಿಗೆಯ ಮುಂದೆ ತಲೆಬಾಗದೆ ನಿಂತ ನಾಡು ಇದು. ದೇವರ ಮುಂದೆ ಚಿಕ್ಕವನಾದವನು ಮನುಷ್ಯರ ಮುಂದೆ ಕುಗ್ಗಬೇಕಿಲ್ಲ ಎಂಬ ಮಾತು ನಮ್ಮ ಮಣ್ಣಿಗೆ ಹೊಸದಲ್ಲ.

ಹಾಗಾದರೆ ಓದುವುದು ಬೇಡವೇ?

ದೇವರನ್ನು ನಂಬಿ ಕೈ ಕಟ್ಟಿ ಕೂತರೆ ಕೆಲಸ ಸಿಗುತ್ತದೆಯೇ ಎಂದು ಗೆಳೆಯರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ಆ ಫಲಕಗಳಿಗೆ ಸ್ವಂತ ಬೆಳಕಿಲ್ಲ. ಹಾಗೆಂದು ಕೆಲಸ ಇಲ್ಲವೇ? ಫಲಕ ನಿಲ್ಲಿಸಬೇಕು, ತಂತಿ ಎಳೆಯಬೇಕು, ಕೂತ ಧೂಳು ಒರೆಸಬೇಕು. ಸೂರ್ಯನನ್ನು ನಂಬುವುದೆಂದರೆ ಸುಮ್ಮನಿರುವುದಲ್ಲ. ಆದರೆ ಎಷ್ಟು ಒರೆಸಿದರೂ ಬೆಳಕನ್ನು ಫಲಕವೇ ಹುಟ್ಟಿಸಿಕೊಳ್ಳಲಾರದು. ಓದು, ಅಭ್ಯಾಸ, ಪ್ರಯತ್ನ ನಮ್ಮ ಪಾಲಿನ ಕೆಲಸ. ನನ್ನ ಬೆಲೆಯನ್ನು ನಾನೇ ಸಂಪಾದಿಸಿಕೊಳ್ಳುವುದು ಮಾತ್ರ ನನ್ನ ಕೆಲಸವಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ: ನಂಬಿದರೆ ಪರೀಕ್ಷೆ ಪಾಸಾಗುತ್ತದೆ, ಕೆಲಸ ಖಚಿತ ಎಂಬುದು. ಹಾಗೆ ಹೇಳುವವರು ನಮ್ಮಲ್ಲೂ ಇದ್ದಾರೆ. ಫಿಲಿಪ್ಪಿಯ ಸಭೆಗೆ ಪೌಲ ಬರೆದ ಪತ್ರದಲ್ಲಿ, ತನಗೆ ಬಲ ಕೊಡುವವನಿಂದ ಏನನ್ನೂ ಎದುರಿಸಬಲ್ಲೆ ಎಂಬ ಅರ್ಥದ ಮಾತು ಬರುತ್ತದೆ. ಅದನ್ನು ಗೆಲುವಿನ ಘೋಷಣೆಯಂತೆ ಬೈಕಿಗೆ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿಕೊಳ್ಳುವವರಿದ್ದಾರೆ. ಪೌಲ ಅದನ್ನು ಬರೆದದ್ದು ಸೆರೆಯಲ್ಲಿದ್ದಾಗ. ಅವನು ಹೇಳುತ್ತಿದ್ದುದು ಹೊಟ್ಟೆ ತುಂಬಿದ ದಿನದಲ್ಲೂ ಹಸಿದ ದಿನದಲ್ಲೂ ಒಂದೇ ರೀತಿ ಇರುವುದನ್ನು ಕಲಿತದ್ದರ ಬಗ್ಗೆ. ಅಂದರೆ ಕ್ರೈಸ್ತ ಭರವಸೆ ಗೆದ್ದೇ ಗೆಲ್ಲುತ್ತೇನೆ ಎನ್ನುವುದಿಲ್ಲ. ಗೆದ್ದರೂ ಸೋತರೂ ನಾನು ಆತನವನು ಎನ್ನುತ್ತದೆ.

ಇದರಿಂದ ದಿನನಿತ್ಯದ ಬದುಕಿನಲ್ಲಿ ಏನು ಬದಲಾಗುತ್ತದೆ? ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ ‘ಗೊತ್ತಿಲ್ಲ ಸರ್’ ಎಂದು ನೇರವಾಗಿ ಹೇಳಬಹುದು. ಜೊತೆಗೆ ಓದಿದವನ ಹೆಸರು ಪಟ್ಟಿಯಲ್ಲಿದ್ದು ನಮ್ಮದು ಇಲ್ಲದಿದ್ದಾಗಲೂ ಅವನಿಗೆ ಫೋನ್ ಮಾಡಿ ಸಂತೋಷಪಡಬಹುದು. ದುಡ್ಡು ಕೊಟ್ಟರೆ ಕೆಲಸ ಮಾಡಿಸಿಕೊಡುತ್ತೇನೆ ಎನ್ನುವವನಿಗೆ ಬೇಡ ಎನ್ನಬಹುದು. ಹೇಗಾದರೂ ಮಾಡಿ ಗೆಲ್ಲಲೇಬೇಕೆಂಬ ಭಯವೇ ಅಂಥವರ ಬಂಡವಾಳ. ಮದುವೆ ಮನೆಯಲ್ಲಿ ‘ಇನ್ನೂ ಓದ್ತಾನೇ ಇದ್ದೀಯೇನಪ್ಪಾ?’ ಎಂದು ಕೇಳುವ ಸಂಬಂಧಿಕರಿಗೆ ‘ಹೌದು ಮಾವ, ಇನ್ನೂ ಆಗಿಲ್ಲ’ ಎಂದು ನಗುತ್ತಲೇ ಹೇಳಬಹುದು. ಗೆದ್ದಾಗ ಬೀಗುವುದು, ಸೋತಾಗ ಕುಗ್ಗುವುದು ಎರಡೂ ಒಂದೇ ಬೇರಿನವು. ಎರಡರಲ್ಲೂ ಕಣ್ಣು ನನ್ನ ಮೇಲೇ ಇರುತ್ತದೆ.

ಮನಸ್ಸು ತೀರಾ ಕುಸಿದಾಗ ಪ್ರಾರ್ಥನೆ ಸಾಕು, ಯಾರ ಸಹಾಯವೂ ಬೇಡ ಎಂದು ಕೂರುವುದು ನಂಬಿಕೆಯಲ್ಲ. ಮೋಶೆಗೂ ಆರೋನ ಬೇಕಾಯಿತು. ಮನೆಯವರಿಗೆ, ಮೇಷ್ಟ್ರಿಗೆ, ವೈದ್ಯರಿಗೆ ಹೇಳಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ನನಗೆ ಆಗುತ್ತಿಲ್ಲ ಎಂದು ಒಪ್ಪಿಕೊಳ್ಳುವ ಧೈರ್ಯವೂ ಇದೇ ಭರವಸೆಯಿಂದ ಬರುತ್ತದೆ.

ಈ ಪುಟ ಓದುವ ಬಹಳಷ್ಟು ಮಂದಿ ಕ್ರೈಸ್ತರಲ್ಲ, ನನಗೆ ಗೊತ್ತು. ಆದರೆ ನನ್ನ ಭಾರ ಹೊರಲು ನಾನೊಬ್ಬನೇ ಸಾಕೇ ಎಂಬ ಪ್ರಶ್ನೆ ಎಲ್ಲರದ್ದು. ಯೇಸು ಹೇಳಿದ ಒಂದು ಕಥೆಯಲ್ಲಿ ಇಬ್ಬರು ಮನೆ ಕಟ್ಟುತ್ತಾರೆ, ಒಬ್ಬ ಬಂಡೆಯ ಮೇಲೆ, ಇನ್ನೊಬ್ಬ ಮರಳಿನ ಮೇಲೆ. ಮಳೆ, ಪ್ರವಾಹ, ಗಾಳಿ ಎರಡೂ ಮನೆಗೆ ಬಡಿಯುತ್ತವೆ. ಬಂಡೆಯ ಮೇಲೆ ಕಟ್ಟಿದವನಿಗೆ ಮಳೆ ತಪ್ಪಲಿಲ್ಲ, ಮನೆ ಬೀಳಲಿಲ್ಲ ಅಷ್ಟೇ. ಏಕಶಿಲೆಯ ಮಧುಗಿರಿ ಬೆಟ್ಟವನ್ನು ನೋಡುತ್ತ ಬೆಳೆದವರಿಗೆ ಬಂಡೆ ಎಂದರೇನು ಎಂದು ಬಿಡಿಸಿ ಹೇಳಬೇಕಿಲ್ಲ. ಹತ್ತುವಾಗ ನಮ್ಮ ಕಾಲು ನಡುಗುತ್ತದೆ, ಬೆಟ್ಟ ನಡುಗುವುದಿಲ್ಲ. ಮುಂದಿನ ಪರೀಕ್ಷೆಗೆ ಚೆನ್ನಾಗಿ ಓದೋಣ, ಚೆನ್ನಾಗಿಯೇ ಬರೆಯೋಣ. ಕಾಲು ನಡುಗಿದರೆ ನಾಚಿಕೆ ಬೇಡ. ನಿಂತಿರುವುದು ಯಾವುದರ ಮೇಲೆ ಎಂದು ಒಮ್ಮೆ ನೋಡಿಕೊಳ್ಳೋಣ.