ಬೀದಿಯ ಮೂಲೆಯ ಅಂಗಡಿ

ದಿನವೂ ಬೆಳಿಗ್ಗೆ ಸರಿಯಾಗಿ 8 ಗಂಟೆಗೆ ಆ ಅಂಗಡಿಯವನು ಬೀದಿಗಿಳಿಯುತ್ತಾನೆ. ಕ್ಯಾಮರಾವನ್ನು ನಿನ್ನೆಯ ಸ್ಥಳದಲ್ಲಿಯೇ ನಿಲ್ಲಿಸಿ ಎದುರಿನ ಮೂಲೆಯ ಒಂದೇ ಒಂದು ಚಿತ್ರವನ್ನು ತೆಗೆಯುತ್ತಾನೆ. ಮಳೆ ಬರಲಿ, ಹಿಮ ಸುರಿಯಲಿ, ಈ ವ್ರತಕ್ಕೆ ಭಂಗವಿಲ್ಲ. ಹೀಗೆ ಕೂಡಿಬಂದ ಚಿತ್ರಗಳು ಸುಮಾರು 4,000!

ಈತನೇ ಆಗೀ ರೆನ್. ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಚುಟ್ಟಾ-ಸಿಗರೇಟಿನ ಅಂಗಡಿಯನ್ನು ನೋಡಿಕೊಳ್ಳುವವನು. 'ಸ್ಮೋಕ್' ಎಂಬ ಚಲನಚಿತ್ರದ ಕೇಂದ್ರವ್ಯಕ್ತಿ. 2024ರಲ್ಲಿ ತೀರಿಕೊಂಡ ಕಾದಂಬರಿಕಾರ ಪಾಲ್ ಆಸ್ಟರ್ ಅವರ ಸಣ್ಣ ಕತೆಯೊಂದು 1990ರ ಕ್ರಿಸ್‌ಮಸ್ ದಿನದಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಅಚ್ಚಾಗಿತ್ತು. ಅದನ್ನು ಮೆಚ್ಚಿದ ನಿರ್ದೇಶಕ ವೇಯ್ನ್ ವಾಂಗ್ ಅವರು ಆಸ್ಟರ್ ಅವರಿಂದಲೇ ಚಿತ್ರಕಥೆಯನ್ನು ಬರೆಸಿ, 1995ರಲ್ಲಿ ಅದನ್ನು ಬೆಳ್ಳಿ ತೆರೆಗೆ ತಂದರು. ಆ ವರ್ಷದ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ವಿಶೇಷ ಬಹುಮಾನವೂ ದೊರೆಯಿತು. ಆಗೀಯ ಪಾತ್ರದಲ್ಲಿ ಹಾರ್ವಿ ಕೈಟೆಲ್ ಅವರ ಅಭಿನಯ ತುಂಬ ಸಹಜವಾಗಿದೆ.

ಅಂಗಡಿಗೆ ನಿತ್ಯವೂ ಬರುವವರಲ್ಲಿ ಪಾಲ್ ಎಂಬ ಲೇಖಕನೊಬ್ಬ. ಬೀದಿಯಲ್ಲಿ ನಡೆದ ಗುಂಡಿನ ಹಾರಾಟಕ್ಕೆ ಸಿಕ್ಕಿ ಅವನ ಗರ್ಭಿಣಿ ಹೆಂಡತಿ ಸತ್ತಂದಿನಿಂದ ಅವನ ಲೇಖನಿ ಸೊರಗಿದೆ. ಒಂದು ರಾತ್ರಿ ಆಗೀ ಅವನ ಮುಂದೆ ತನ್ನ ಚಿತ್ರಗಳ ಸಂಪುಟವನ್ನು ತೆರೆದಿಡುತ್ತಾನೆ. ಎಲ್ಲವೂ ಒಂದೇ ತೆರನಾಗಿವೆಯೆಂದು ಪಾಲ್ ಪುಟಗಳನ್ನು ಸರಸರನೆ ಮಗುಚುತ್ತಾನೆ. ನಿಧಾನವಾಗಿ ನೋಡದ ಹೊರತು ಏನೂ ಕಾಣಿಸದೆಂದು ಆಗೀ ತಡೆಯುತ್ತಾನೆ. ಲೇಖಕನ ಕಣ್ಣು ಒಂದು ಚಿತ್ರದ ಮೇಲೆ ನೆಡುತ್ತದೆ. ಮೂಲೆಯನ್ನು ದಾಟಿ ಹೋಗುತ್ತಿರುವವಳು ಅವನ ಹೆಂಡತಿ! ಅವನು ಅಳತೊಡಗುತ್ತಾನೆ. ಆಗೀ ಸಮಾಧಾನದ ಮಾತುಗಳನ್ನು ಹುಡುಕುವುದಿಲ್ಲ; ಅವನ ಹೆಗಲ ಮೇಲೆ ಕೈಯಿಟ್ಟು ಸುಮ್ಮನಿರುತ್ತಾನೆ.

ಮುಂದೊಂದು ದಿನ ಮೈಮರೆತು ಬೀದಿಗಿಳಿದ ಪಾಲ್‌ನನ್ನು ಲಾರಿಗೆ ಸಿಕ್ಕದಂತೆ ಹಿಂದಕ್ಕೆಳೆದವನು ರಶೀದ್ ಎಂಬ ನೀಗ್ರೋ ತರುಣ. ದರೋಡೆಗಾರರ ಕೈಯಿಂದ ಜಾರಿದ ಹಣವನ್ನು ಎತ್ತಿಕೊಂಡು ತಲೆಮರೆಸಿಕೊಂಡಿರುವವನು. ತನ್ನನ್ನು ಎಳವೆಯಲ್ಲಿಯೇ ತೊರೆದುಹೋದ ತಂದೆಯನ್ನು ಅರಸುತ್ತಿರುವವನು. ತಂದೆಯ ಗ್ಯಾರೇಜಿನ ಎದುರಿಗೆ ಕುಳಿತು ಅದರ ಚಿತ್ರ ಬರೆಯುತ್ತಾನೆ. ಹೆಸರೇನೆಂದು ತಂದೆ ಕೇಳಿದರೆ, ಲೇಖಕನ ಹೆಸರನ್ನು ತನ್ನದೆಂದು ಹೇಳಿಬಿಡುತ್ತಾನೆ!

ಆ ಹಣದ ಪ್ರಯಾಣವೇ ಚಿತ್ರದ ಒಳದಾರ. ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ ಹುಡುಗನ ಅಜಾಗ್ರತೆಯಿಂದ ನೀರು ಹರಿದು, ಆಗೀ ಲಾಭಕ್ಕೆಂದು ತರಿಸಿದ್ದ ಕ್ಯೂಬಾದ ಚುಟ್ಟಾಗಳು ನೆನೆದು ಹಾಳಾಗುತ್ತವೆ. ಪಾಲ್‌ನ ಒತ್ತಾಯದಿಂದ ರಶೀದ್ ತನ್ನಲ್ಲಿದ್ದ 5,000 ಡಾಲರುಗಳನ್ನು ಆಗೀಗೆ ಒಪ್ಪಿಸುತ್ತಾನೆ. ಆಗೀಯ ಹಳೆಯ ಪ್ರೇಯಸಿ ರೂಬಿ ಆಗಲೇ ಬಂದು, ದಾರಿ ತಪ್ಪಿದ ತನ್ನ ಮಗಳು ಅವನ ಮಗಳೂ ಹೌದೆಂದು ಹೇಳಿದ್ದಾಳೆ. ಆ ಮಾತು ನಿಜವೆಂಬ ನಿಶ್ಚಯ ಅವನಿಗಿಲ್ಲ. ಆದರೂ ಹಣವೆಲ್ಲವನ್ನೂ ಅವಳ ಕೈಗಿಡುತ್ತಾನೆ.

ಕೊನೆಗೆ ಪತ್ರಿಕೆಗೊಂದು ಕ್ರಿಸ್‌ಮಸ್ ಕತೆ ಬೇಕೆಂದು ಪಾಲ್ ಬಂದಾಗ ಆಗೀ ತನ್ನದೇ ಒಂದು ಅನುಭವವನ್ನು ಹೇಳುತ್ತಾನೆ. ಅಂಗಡಿಯಲ್ಲಿ ಕದ್ದು ಓಡಿದ ಹುಡುಗನೊಬ್ಬ ಬೀಳಿಸಿಹೋದ ಹಣದ ಚೀಲವನ್ನು ಮರಳಿಸಲು ಹಬ್ಬದ ದಿನ ಅವನ ಮನೆಗೆ ಹೋದರೆ, ಕುರುಡಿ ಅಜ್ಜಿ ಮೊಮ್ಮಗನೇ ಬಂದನೆಂದು ಆಗೀಯನ್ನು ಅಪ್ಪಿಕೊಳ್ಳುತ್ತಾಳೆ. ಇವನೂ ಅಲ್ಲವೆನ್ನುವುದಿಲ್ಲ. ಊಟ ತಂದು ಅವಳೊಡನೆ ಉಣ್ಣುತ್ತಾನೆ. ಹೊರಡುವಾಗ ಅಲ್ಲಿ ಬಚ್ಚಿಟ್ಟಿದ್ದ ಕ್ಯಾಮರಾಗಳಲ್ಲೊಂದನ್ನು ಎತ್ತಿಕೊಂಡು ಬರುತ್ತಾನೆ. ಪಾಲ್‌ಗೆ ಹೆಂಡತಿಯ ಮುಖವನ್ನು ಮರಳಿ ತೋರಿಸಿದ ಆ ಚಿತ್ರವ್ರತ ಆರಂಭವಾದದ್ದು ಹೀಗೆ, ಕದ್ದ ಕ್ಯಾಮರಾದಿಂದ! ಕತೆ ನಿಜವೇ, ಕಟ್ಟಿದ್ದೇ ಎಂದು ಪಾಲ್‌ಗೂ ಅನುಮಾನ ಬರುತ್ತದೆ. ಅವನು ಅದನ್ನು ಕೆದಕಲು ಹೋಗುವುದಿಲ್ಲ.

ಚಿತ್ರದ ನಡೆ ಮಂದ. ರೋಮಾಂಚಕ ಘಟನೆಗಳನ್ನು ಬಯಸುವವರಿಗೆ ಬೇಸರವಾದೀತು. ಆದರೆ ಕದ್ದ ವಸ್ತುವೂ ಹೇಳಿದ ಸುಳ್ಳೂ ಕೈಯಿಂದ ಕೈಗೆ ದಾಟುತ್ತ ಒಬ್ಬರ ಸಂಕಟವನ್ನು ಇನ್ನೊಬ್ಬರಿಗೆ ಮುಟ್ಟಿಸುವ ಬಗೆಯನ್ನು ಕಾಣಬೇಕಾದರೆ ಪ್ರೇಕ್ಷಕನೂ ಆಗೀಯ ಮಾತಿನಂತೆ ಪುಟಗಳನ್ನು ನಿಧಾನವಾಗಿ ಮಗುಚಬೇಕು.