ಹುಲಿ ‘ದರ್ಶನ’ ಅಂತೆ!

ಸಫಾರಿಗೆ ಹೋಗಿ ಬಂದವರು ಈಗೀಗ ಹುಲಿ ‘ನೋಡಿದೆ’ ಅನ್ನೋದಿಲ್ಲ, ಗಮನಿಸಿದ್ದೀರಾ? ‘ದರ್ಶನ ಆಯ್ತು’ ಅಂತಾರೆ. ಕಣ್ಣಲ್ಲಿ ನೀರು ಬಂತಂತೆ, ಧ್ಯಾನಕ್ಕೆ ಕೂತ ಹಾಗಿತ್ತಂತೆ, ಜನ್ಮ ಸಾರ್ಥಕವಂತೆ. ಕಣ್ಣೀರಿನ ಬಗ್ಗೆ ನನ್ನ ತಕರಾರಿಲ್ಲ. ತಾಯಾನೆ ಮರಿಯನ್ನು ಹೊಟ್ಟೆಯಡಿ ಇಟ್ಟುಕೊಂಡು ರಸ್ತೆ ದಾಟೋದನ್ನು ನೋಡಿಯೂ ಏನೂ ಅನ್ನಿಸದವನು ಡಾಕ್ಟರಿಗೆ ತೋರಿಸಿಕೊಳ್ಳೋದು ಒಳ್ಳೇದು. ನನಗೆ ಸಿಟ್ಟು ಬರೋದು ಆ ‘ದರ್ಶನ’ ಅನ್ನೋ ಪದದ ಮೇಲೆ.

ದೇವಸ್ಥಾನದ ಬಾಗಿಲು ಹಾಕಿದ್ದರೆ ಹೊರಗಿನಿಂದಲೇ ಕೈಮುಗಿದು ಬರ್ತೀವಿ. ಇಲ್ಲಿ ಹುಲಿ ಕಾಣದಿದ್ದರೆ ‘ದುಡ್ಡು ದಂಡ’! ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದು ಹೊಸ ಹುಲ್ಲು ಚಿಗುರಿದಾಗ ಸುತ್ತಲಿನ ಕಾಡುಗಳಿಂದ ಆನೆ ಹಿಂಡುಗಳು ಬಂದು ಸೇರ್ತಾವೆ. ಅಂಥ ಹಿಂಡು ಎದುರಿಗಿದ್ದಾಗ ನಾನಿದ್ದ ಜೀಪಿನಲ್ಲಿ ಒಬ್ಬರು ‘ಆನೆ ಬಿಡ್ರೀ, ಮುಂದೆ ನಡೀರಿ’ ಅಂದರು.

ಸ್ವಲ್ಪ ಮುಂದೆ ಮರದ ತುದಿಯಲ್ಲಿದ್ದ ಮುಸುವ ಕೂಗಿತು. ಹಿಂದೆಯೇ ಜಿಂಕೆ. ಡ್ರೈವರ್ ಎಂಜಿನ್ ಆಫ್ ಮಾಡಿದ. ಜಿಂಕೆ ಸುಮ್ಮಸುಮ್ಮನೆ ಬೆದರಿಯೂ ಕೂಗೀತು, ಕಡವೆ ಕೂಗಿದರೆ ಮಾತ್ರ ನಂಬಬೇಕು ಅಂತಾರೆ ಕಾಡು ಬಲ್ಲವರು. ಕಡವೆಯೂ ಕೂಗಿತು. ಆಮೇಲೆ ಹತ್ತು ನಿಮಿಷ, ಪೊದೆಯೊಳಗೆ ಎಲ್ಲೋ ಒಂದು ಜೀವ ನಡೀತಿದೆ, ಇಡೀ ಕಾಡಿಗೆ ಅದು ಗೊತ್ತು, ನಮಗೆ ಮಾತ್ರ ಗೊತ್ತಿಲ್ಲ. ಅಷ್ಟು ಚಿಕ್ಕವನು ಅಂತ ನನಗೆ ಯಾವ ಗುಡಿಯಲ್ಲೂ ಅನ್ನಿಸಿರಲಿಲ್ಲ. ಹುಲಿ ಹೊರಗೆ ಬರಲೇ ಇಲ್ಲ. ಜೀಪಿನ ತೀರ್ಪು: ‘ಛೆ, ವೇಸ್ಟ್.’

(ಇದೇ ಕಾಕನಕೋಟೆ ಕಾಡಿನಲ್ಲಿ 1971ರಲ್ಲಿ ಕೊನೆಯ ಖೆಡ್ಡಾ ನಡೆದದ್ದು. ಆಗ ಹಗ್ಗ ಹಿಡಿದು ಸುತ್ತುವರೀತಿದ್ದರು, ಈಗ ಲೆನ್ಸ್ ಹಿಡಿದು.)

ಇದೆಲ್ಲ ಬರೀ ಅಭಿರುಚಿಯ ವಿಷಯ ಆಗಿದ್ದರೆ ಸುಮ್ಮನಿರ್ತಿದ್ದೆ. 2025ರ ಅಕ್ಟೋಬರ್-ನವೆಂಬರಿನಲ್ಲಿ ಈ ಕಾಡಂಚಿನ ಸರಗೂರು ಕಡೆ ಹುಲಿ ದಾಳಿಗೆ ರೈತರು ಸತ್ತರು. ನವೆಂಬರಿನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡರಲ್ಲೂ ಸಫಾರಿ ನಿಲ್ಲಿಸಿ, ಅಲ್ಲಿನ ಸಿಬ್ಬಂದಿಯನ್ನು ಆ ಹುಲಿ ಹುಡುಕೋ ಕೆಲಸಕ್ಕೆ ಹಚ್ಚಿತು. ನನ್ನ ಪರಿಚಯದ ‘ದರ್ಶನ’ ಭಕ್ತರು ಗೋಳಾಡಿದ್ದು ಯಾವುದಕ್ಕೆ ಹೇಳಿ? ಬುಕಿಂಗ್ ಕ್ಯಾನ್ಸಲ್ ಆಯ್ತಲ್ಲ ಅಂತ! ಸತ್ತವರ ಬಗ್ಗೆ ಕೇಳಿದರೆ, ‘ಅವರು ಕಾಡಿನ ಹತ್ತಿರ ಯಾಕೆ ಹೋಗ್ಬೇಕಿತ್ತು?’

ಹೋಗಲಿಲ್ಲ ಮಾರಾಯ್ರೆ, ಅವರ ಹೊಲ ಇರೋದೇ ಅಲ್ಲಿ. ಸಫಾರಿಯಿಂದಲೇ ಹುಲಿ ಊರಿಗೆ ಬಂತು ಅಂತ ನಾನು ವಾದಿಸ್ತಿಲ್ಲ. 2022ರ ಗಣತಿಯಲ್ಲಿ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿ. ಇಷ್ಟಿದ್ದಾಗ ಸ್ವಂತ ಜಾಗ ಹುಡುಕೋ ಎಳೆ ಹುಲಿ, ಜಾಗ ಕಳಕೊಂಡ ಮುದಿ ಹುಲಿ ಅಂಚಿಗೆ ಬಂದೇ ಬರ್ತಾವೆ. ಆದರೆ ಜೀಪಿನಿಂದ ಕಂಡಾಗ ದೇವರಾಗಿದ್ದ ಪ್ರಾಣಿಯೇ ಹತ್ತಿ ಹೊಲದ ಬದುವಿನಲ್ಲಿ ಕಂಡಾಗ ಏನಾಗಿರುತ್ತೆ ಅಂತ ಒಂದು ಕ್ಷಣವೂ ಯೋಚಿಸದ ಭಕ್ತಿ ಎಂಥ ಭಕ್ತಿ? ದುಡ್ಡು ಕೊಟ್ಟು, ಜೀಪಿನಲ್ಲಿ ಕೂತು, ಕತ್ತಲಾಗೋ ಮುಂಚೆ ರೆಸಾರ್ಟಿನ ಊಟಕ್ಕೆ ವಾಪಸ್ ಬರೋ ನಮಗೆ ಈ ಪ್ರಾಣಿಯನ್ನು ಪೂಜಿಸೋದು ಸುಲಭ. ಅದರ ಲೆಕ್ಕ ಚುಕ್ತಾ ಮಾಡ್ತಿರೋರು ಬೇರೆಯವರು.

ಮುಂದಿನ ಸಲ ಆ ಕಡೆ ಹೋದಾಗ ಸರಗೂರಿನ ಯಾವುದಾದರೂ ಟೀ ಅಂಗಡಿ ಹತ್ತಿರ ಕಾರು ನಿಲ್ಲಿಸಿ, ಹುಲಿ ಬಗ್ಗೆ ಕೇಳಿ. ಹೇಳ್ತಾರೆ, ತುಂಬಾ ಹೇಳ್ತಾರೆ. ‘ದರ್ಶನ’ ಅನ್ನೋ ಪದ ಮಾತ್ರ ಅಲ್ಲಿ ಬಾಯಿಗೆ ಬರದ ಹಾಗೆ ನೋಡ್ಕೊಳ್ಳಿ.